ನಾಯಿ ನುಂಗಬೇಕಾದ ಲಸಿಕೆ

ಸಾವಳಗಿ, ಜಮಖಂಡಿ, ಮುಧೋಳದ ಕಡೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸುವುದು ಹಳೆಯ ರೂಢಿ. ಹಿಂಡು ಇದ್ದಲ್ಲಿ ನಾಯಿಯೂ ಇರಲೇಬೇಕು. ಹಬ್ಬಕ್ಕೋ ಹರಕೆಗೋ ಕುರಿ ಕಡಿದಾಗ ಒಮ್ಮೊಮ್ಮೆ ಲಿವರ್‌ನಲ್ಲಿ, ಶ್ವಾಸಕೋಶದಲ್ಲಿ ಬಿಳಿ ಗುಳ್ಳೆ ಕಾಣುತ್ತದೆ. ಕೊಯ್ದರೆ ತಿಳಿನೀರು, ತಳದಲ್ಲಿ ಸಣ್ಣ ಮರಳಿನಂಥ ಕಣಗಳು. ‘ಇದು ತಿನ್ನೂದಲ್ಲ’ ಎಂದು ಆ ಚೂರನ್ನು ನಾಯಿಗೆ ಎಸೆದುಬಿಟ್ಟರೆ ರೋಗದ ಚಕ್ರ ತಿರುಗಿತೆಂದೇ ಲೆಕ್ಕ.

ಒಂದೊಂದು ಕಣದಲ್ಲೂ ಎಕಿನೊಕೋಕಸ್ ಗ್ರಾನ್ಯುಲೋಸಸ್ ಎಂಬ ಲಾಡಿಹುಳುವಿನ ತಲೆ ಇರುತ್ತದೆ. ನಾಯಿಯ ಸಣ್ಣ ಕರುಳಿನಲ್ಲಿ ಅದು ಬೆಳೆಯುತ್ತದೆ; ಬಲಿತರೂ ಉದ್ದ ಒಂದು ಸೆಂಟಿಮೀಟರ್ ದಾಟದು. ಆರೇಳು ವಾರಕ್ಕೆ ಮಲದಲ್ಲಿ ಮೊಟ್ಟೆಗಳು ಬೀಳತೊಡಗುತ್ತವೆ. ಹುಲ್ಲಿನೊಂದಿಗೆ ಅವು ಕುರಿಯ ಹೊಟ್ಟೆಗೆ, ತೊಳೆಯದ ಕೈಯಿಂದ ಮನುಷ್ಯರ ಹೊಟ್ಟೆಗೆ ಸೇರುತ್ತವೆ. ಮನುಷ್ಯರಲ್ಲಿ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಎಷ್ಟೋ ಸಲ ಆಪರೇಷನ್ನಿನವರೆಗೂ ಒಯ್ಯುತ್ತದೆ. ನಾಯಿ ಮಾತ್ರ ಆರಾಮಾಗಿ ಓಡಾಡಿಕೊಂಡಿರುತ್ತದೆ.

ಕುರಿಯ ಗುಳ್ಳೆಗೂ ನಾಯಿಯ ಹುಳುವಿಗೂ ಇರುವ ನಂಟನ್ನು 1850ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಜರ್ಮನಿಯ ಸೀಬೋಲ್ಡ್. ಗುಳ್ಳೆಯನ್ನು ನಾಯಿಗಳಿಗೆ ತಿನ್ನಿಸಿ ಅವುಗಳ ಕರುಳಿನಲ್ಲಿ ಲಾಡಿಹುಳು ಕಂಡರು. 1863ರಲ್ಲಿ ಡೆನ್ಮಾರ್ಕಿನ ಕ್ರಾಬೆ ಐಸ್‌ಲ್ಯಾಂಡಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿದರು. ಬಳಿಕ ಅಲ್ಲಿ ಮನೆಮನೆಗೂ ತಿಳಿವಳಿಕೆಯ ಕಿರುಹೊತ್ತಿಗೆ ಹಂಚಲಾಯಿತು. ಮುಂದೆ ಪ್ರಾಜಿಕ್ವಾಂಟೆಲ್ ಗುಳಿಗೆ ಬಂತು. ಇದ್ದ ಹುಳುವನ್ನು ಕೊಲ್ಲುವುದರಲ್ಲಿ ಅದು ಗಟ್ಟಿಗ. ಆದರೆ ಮರುದಿನವೇ ನಾಯಿ ಮತ್ತೆ ಗುಳ್ಳೆ ತಿಂದರೆ ತಡೆಯುವುದಿಲ್ಲ. ಮೊಟ್ಟೆ ಬೀಳದಂತೆ ನೋಡಿಕೊಳ್ಳಲು ಆರು ವಾರಕ್ಕೊಮ್ಮೆ ಕೊಡುತ್ತಲೇ ಇರಬೇಕು.

ಲಸಿಕೆ ಮೊದಲು ಸಿಕ್ಕಿದ್ದು ಕುರಿಗೆ. 1996ರಲ್ಲಿ ಮೆಲ್ಬರ್ನ್‌ನ ಮಾರ್ಷಲ್ ಲೈಟೋವ್ಲರ್ಸ್ ಮತ್ತು ಸಂಗಡಿಗರು ಹುಳುವಿನ ಇಜಿ95 ಎಂಬ ಪ್ರೋಟೀನನ್ನು ಇ. ಕೋಲಿ ಬ್ಯಾಕ್ಟೀರಿಯಾದಿಂದ ತಯಾರಿಸಿ ಚುಚ್ಚಿದಾಗ ಶೇ 95ಕ್ಕೂ ಹೆಚ್ಚು ರಕ್ಷಣೆ ಸಿಕ್ಕಿತು. ಕುರಿಯಲ್ಲಿ ಮೊಟ್ಟೆಯಿಂದ ಹೊರಬಂದ ಮರಿ ರಕ್ತಕ್ಕೆ ಇಳಿಯುತ್ತದೆ, ಅಲ್ಲಿ ಪ್ರತಿಕಾಯಗಳು ಅದನ್ನು ಹಿಡಿಯುತ್ತವೆ. ನಾಯಿಯಲ್ಲಿ ಹುಳು ಕರುಳಿನ ಗೋಡೆಗೆ ಕಚ್ಚಿಕೊಂಡೇ ಇರುತ್ತದೆ. ಹಾಗಾಗಿ ಕಾವಲು ಕೂಡ ಕರುಳಿನಲ್ಲೇ ಏಳಬೇಕು.

ಆ ದಾರಿ ಹಿಡಿದವರು ಫ್ರಾನ್ಸಿನ ಆನ್-ಫ್ರಾನ್ಸ್ವಾಸ್ ಪೆಟವಿ ಮತ್ತು ಸಹೋದ್ಯೋಗಿಗಳು. ರೋಗ ತರುವ ಶಕ್ತಿ ಕುಗ್ಗಿಸಿದ ಜೀವಂತ ಸಾಲ್ಮೊನೆಲ್ಲಾದೊಳಗೆ ಹುಳುವಿನ ಎರಡು ಪ್ರೋಟೀನುಗಳ ಜೀನ್ ಸೇರಿಸಿದರು. ಕರುಳಿಗೆ ಇಳಿದ ಬ್ಯಾಕ್ಟೀರಿಯಾ ಆ ಪ್ರೋಟೀನನ್ನು ದೇಹದ ರಕ್ಷಣಾ ವ್ಯವಸ್ಥೆಗೆ ಪರಿಚಯಿಸುತ್ತದೆ. ಮೊರೊಕ್ಕೊ ಮತ್ತು ಟ್ಯುನಿಸಿಯಾದ ಒಟ್ಟು 28 ನಾಯಿಗಳ ಪ್ರಯೋಗದಲ್ಲಿ 10ಕ್ಕೆ 21 ದಿನಗಳ ಅಂತರದಲ್ಲಿ ಎರಡು ಸಲ ಲಸಿಕೆಯನ್ನು ಬಾಯಿಯ ಮೂಲಕ ಕೊಟ್ಟರು. 20 ದಿನ ಬಿಟ್ಟು 75,000 ಜೀವಂತ ಕಣಗಳನ್ನು ತಿನ್ನಿಸಿದರು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು: ಹುಳುಗಳ ಸಂಖ್ಯೆ ಶೇ 70ರಿಂದ 80ರಷ್ಟು ಇಳಿದಿತ್ತು, ಉಳಿದವುಗಳ ಬೆಳವಣಿಗೆಯೂ ನಿಧಾನವಾಗಿತ್ತು.

ಮೊಟ್ಟೆ ಹರಡೀತೆಂಬ ಭಯದಿಂದ ತಿಂಗಳೊಳಗೇ ಆ ನಾಯಿಗಳನ್ನು ಕೊಲ್ಲಬೇಕಾಯಿತು. ಹೀಗಾಗಿ ರಕ್ಷಣೆ ವರ್ಷವಿಡೀ ನಿಲ್ಲುವುದೇ ಎಂಬ ಪ್ರಶ್ನೆಗೆ ಆ ಪ್ರಯೋಗ ಉತ್ತರ ಕೊಡಲಾರದು. ಲಸಿಕೆಯೂ ಮಾರುಕಟ್ಟೆ ಮುಟ್ಟಲಿಲ್ಲ.

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಮುಧೋಳ ನಾಯಿಗೆಂದೇ ಸಂಶೋಧನಾ ಕೇಂದ್ರವಿದೆ. ತಳಿಯ ನಾಯಿ ಸಾಕಿದವರು ಹುಳದ ಗುಳಿಗೆ ಮರೆಯುವುದಿಲ್ಲ. ಹಟ್ಟಿಯ ನಾಯಿ, ಸಂತೆಯ ನಾಯಿಗೆ ಆ ಭಾಗ್ಯವಿಲ್ಲ. ಕಾಯಿಲೆಯೇ ಕಾಣದ ನಾಯಿಗೆ ಕುರಿಗಾರ ಯಾಕೆ ದುಡ್ಡು ಸುರಿದಾನು? ಲಸಿಕೆ ನುಂಗುವುದು ನಾಯಿ, ಫಲ ಉಣ್ಣುವುದು ನಾವು. ಮುಂದೆಂದಾದರೂ ಅದು ಬಂದರೆ, ಖರ್ಚು ಸರ್ಕಾರದ ಆರೋಗ್ಯ ಬಜೆಟ್ಟಿನಿಂದಲೇ ಬರಬೇಕು.