ಉರುಸು: ಒಂದು ಪದದ ಅರ್ಥಸಂಚಾರ

ಬಸವಕಲ್ಯಾಣದ ರಾಜಾ ಬಾಗಸವಾರ ದರ್ಗಾಕ್ಕೆ ನಡೆದುಕೊಳ್ಳುವ ಕನ್ನಡಿಗ ಭಕ್ತರ ಬಾಯಲ್ಲಿ ‘ಉರುಸು’ ಎಂದರೆ ಜಾತ್ರೆ. ತೇರಿಲ್ಲ ಎಂಬಷ್ಟೇ ಭೇದ. ಆದರೆ ಪದದ ಮೂಲಾರ್ಥ ಬೇರೆಯೇ ಆಗಿದೆ. ಅರಬ್ಬಿಯಲ್ಲಿ ‘ಉರ್ಸ್’ ಎಂದರೆ ಮದುವೆ. ಅದೇ ಧಾತುವಿನಿಂದ ಬಂದ ‘ಅರೂಸ್’ ಎಂದರೆ ಮದುವಣಗಿತ್ತಿ. ಫಾರಸಿಯಲ್ಲಿ ‘ಅರೂಸಿ’ ಇಂದಿಗೂ ಮದುವೆಯನ್ನೇ ಸೂಚಿಸುತ್ತದೆ. ತುರ್ಕಿಯ ಕೋನ್ಯಾದಲ್ಲಿ 1273ರ ಡಿಸೆಂಬರ್ 17ರಂದು ತೀರಿಕೊಂಡ ಜಲಾಲುದ್ದೀನ್ ರೂಮಿಯ ಸ್ಮರಣೆಗೆ ‘ಶೆಬಿ ಅರೂಸ್’, ಅಂದರೆ ಮದುವೆಯ ರಾತ್ರಿ, ಎಂದು ಹೆಸರು.

ಮರಣದ ದಿನಕ್ಕೆ ಮದುವೆಯ ಹೆಸರೇಕೆ? ಸೂಫಿಗಳ ದೃಷ್ಟಿಯಲ್ಲಿ ಸಂತನ ಸಾವು ಅಗಲಿಕೆಯಲ್ಲ, ಪರಮಪ್ರಿಯನೊಡನೆ ಕೂಡುವ ಗಳಿಗೆ. ಸಜ್ಜನನು ಗೋರಿಯಲ್ಲಿ ಮದುವಣಗಿತ್ತಿಯಂತೆ ನಿದ್ರಿಸುವನೆಂಬ ಹದೀಸಿನ ಆಶಯವನ್ನೂ ಇದಕ್ಕೆ ಆಧಾರವಾಗಿ ಹೇಳುವುದುಂಟು.

ಕನ್ನಡಕ್ಕೆ ಬರುವಾಗ ಅರಬ್ಬಿಯ ‘ಐನ್’ ಎಂಬ ಕಂಠಧ್ವನಿ ಬಿದ್ದುಹೋಗಿ, ಸಂಯುಕ್ತಾಕ್ಷರ ಒಡೆದು, ‘ಫರ್ಕ್’ ‘ಫರಕು’ ಆದಂತೆ ‘ಉರ್ಸ್’ ‘ಉರುಸು’ ಆಯಿತು. ಅರ್ಥ ಸರಿದುದಕ್ಕೆ ಕಾರಣವನ್ನು ದಖನಿ ಉರ್ದುವಿನಲ್ಲಿ ಹುಡುಕಬೇಕು. ಅಲ್ಲಿ ಮದುವೆಗೆ ‘ಶಾದಿ’, ‘ನಿಕಾಹ್’ ಎಂಬ ಮಾತುಗಳಿದ್ದುದರಿಂದ ‘ಉರ್ಸ್’ ಸಂತಸ್ಮರಣೆಗೆ ಮಾತ್ರ ಮೀಸಲಾಯಿತು. ಎಲ್ಲ ಎರವಲು ಪದಗಳ ಗತಿಯೂ ಹೀಗಲ್ಲ. ಹುಮನಾಬಾದ್ ಬಳಿಯ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ (1817–1865) ಜಯಂತಿಯ ಸಂದರ್ಭದ ಸಭೆ ‘ದರ್ಬಾರು’ ಎನಿಸಿದೆ. ಆ ಫಾರಸಿ ಪದ 1948ರವರೆಗಿನ ನಿಜಾಮ ಆಳ್ವಿಕೆಯಲ್ಲಿ ಬಳಕೆಯಲ್ಲಿದ್ದು, ತನ್ನ ಅರ್ಥವನ್ನು ಬಹುಮಟ್ಟಿಗೆ ಕಾಯ್ದುಕೊಂಡಿದೆ.

ಮಾತಿನಲ್ಲಿ ಮರೆಯಾದ ಮದುವೆ ಆಚರಣೆಯಲ್ಲಿ ಉಳಿದಂತಿದೆ. ದಖ್ಖಣದ ದರ್ಗಾಗಳಲ್ಲಿ ಉರುಸಿನೊಂದಿಗೆ ಗಂಧದ ಮೆರವಣಿಗೆ ಸಾಗುತ್ತದೆ. ಗೋರಿಗೆ ಗಂಧ ಲೇಪಿಸಿ ಹೂವಿನ ಚಾದರ ಹೊದಿಸುತ್ತಾರೆ. ಈ ಮೆರವಣಿಗೆಯ ಹೆಸರು ‘ಸಂದಲ್’. ಸಂಸ್ಕೃತದ ಚಂದನವೇ ಫಾರಸಿ, ಅರಬ್ಬಿಗಳನ್ನು ಸುತ್ತಿ, ರೂಪ ಬದಲಿಸಿಕೊಂಡು ಚಂದನದ ನಾಡಿಗೆ ಮರಳಿದೆಯೆಂಬುದು ಸ್ವಾರಸ್ಯಕರ.

ಇನ್ನು ಕಲ್ಯಾಣದ ನೆಲದ ಮಾತು. 12ನೆಯ ಶತಮಾನದ ಶರಣರು ಶರಣನನ್ನು ಸತಿಯೆಂದೂ ಲಿಂಗವನ್ನು ಪತಿಯೆಂದೂ ಭಾವಿಸಿದರು. ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನನೇ ಗಂಡ. ಈ ಸಾಮ್ಯವನ್ನು ಕಂಡು ಒಂದು ಇನ್ನೊಂದರಿಂದ ಬಂದಿತೆನ್ನುವುದು ಅವಸರದ ತೀರ್ಮಾನ. ಸಾಮ್ಯ ಪ್ರಭಾವಕ್ಕೆ ಸಾಕ್ಷಿಯಾಗದು. ‘ಉರುಸು’ ಎಂಬ ಪದ ಕಲ್ಯಾಣಕ್ಕೆ ಹೊಸದಾಗಿ ಬಂದಾಗ, ಅದರೊಳಗಿನ ಕಲ್ಪನೆ ಇಲ್ಲಿಗೆ ಹೊಸದಾಗಿರಲಿಲ್ಲ ಎಂದಷ್ಟೇ ಹೇಳಬಹುದು.