ಸಾವನದುರ್ಗ ಹತ್ತಿದವರು ಮಾಗಡಿಯನ್ನೂ ನೋಡಿ ಬನ್ನಿ

ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋದವರು ಬಂಡೆಯ ಮೇಲಿನ ಕೋಟೆ ನೋಡಿ ಹಾಗೇ ವಾಪಸ್ ಬರುವುದಿಲ್ಲ. ಕೋಟೆ ಬಾಗಿಲಿನಿಂದ ಹೋಲಿರೂಡ್ ಅರಮನೆವರೆಗೆ ಇಳಿಯುವ ಹಳೇ ಬೀದಿಯಲ್ಲಿ ನಡೆಯುತ್ತಾರೆ, ಅಲ್ಲೇ ಊಟ ಮಾಡುತ್ತಾರೆ. ಸಂಜೆ ಹೊತ್ತಿಗೆ ಕೋಟೆ ಯಾಕೆ ಅಲ್ಲಿದೆ, ಊರು ಯಾಕೆ ಅದರ ಬುಡದಲ್ಲಿದೆ ಅನ್ನುವುದು ತಿಳಿದಿರುತ್ತದೆ. ಸಾವನದುರ್ಗಕ್ಕೆ ಬರುವವರಲ್ಲಿ ಬಹಳ ಮಂದಿ ಬೆಳಿಗ್ಗೆ ಬೆಟ್ಟ ಹತ್ತಿ, ಫೋಟೊ ತೆಗೆದುಕೊಂಡು, ಬಿಸಿಲೇರುವ ಮುಂಚೆ ಬೆಂಗಳೂರಿಗೆ ಹೊರಟುಬಿಡುತ್ತಾರೆ. ಸುಮಾರು ಹನ್ನೆರಡು ಕಿ.ಮೀ. ದೂರದ ಮಾಗಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ಆ ಊರಿಲ್ಲದಿದ್ದರೆ ಈ ಬೆಟ್ಟಕ್ಕೆ ಇಷ್ಟು ಗೋಡೆಗಳೇ ಇರುತ್ತಿರಲಿಲ್ಲ. ಎರಡನ್ನೂ ಒಂದೇ ದಿನದಲ್ಲಿ, ಒಂದೇ ಕಥೆಯಾಗಿ ನೋಡುವುದು ಹೇಗೆ ಅನ್ನುವುದಕ್ಕೆ ಈ ಬರಹ.

ಮೊದಲು ಕಥೆ. 1537ರಲ್ಲಿ ಹಿರಿಯ ಕೆಂಪೇಗೌಡರು ಬೆಂಗಳೂರು ಕಟ್ಟಿದರು. ನೂರು ವರ್ಷದ ಮೇಲೆ, 1638ರಲ್ಲಿ, ಬಿಜಾಪುರದ ರಣದುಲ್ಲಾ ಖಾನನ ಸೇನೆ ಅದನ್ನು ಕಿತ್ತುಕೊಂಡಿತು. ಊರು ಬಿಜಾಪುರದ ಸರದಾರ ಷಹಾಜಿಯ ಜಹಗೀರಾಯಿತು. ಕೆಂಪೇಗೌಡರ ಮನೆತನ ಮಾಗಡಿಗೆ ಸರಿದು ಅದನ್ನೇ ರಾಜಧಾನಿ ಮಾಡಿಕೊಂಡಿತು. ಒಮ್ಮೆ ಬಯಲಿನ ಊರು ಕಳೆದುಕೊಂಡವರಿಗೆ ಬೆನ್ನಿಗೊಂದು ಬೆಟ್ಟ ಎಷ್ಟು ಮುಖ್ಯ ಅಂತ ಯಾರೂ ಹೇಳಬೇಕಾಗಿರಲಿಲ್ಲ. 1728ರಲ್ಲಿ ಮಾಗಡಿಯೂ ಬೆಟ್ಟವೂ ಮೈಸೂರಿನವರ ಕೈಸೇರಿದವು.

ಬೆಟ್ಟಕ್ಕೆ ಬೆಳಕು ಹರಿಯುವ ಹೊತ್ತಿಗೇ ಹೋಗಬೇಕು. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಬೋಳು ಬಂಡೆ ಇದು, ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳ ಸಾಲಿನದು. ಬಿಸಿಲೇರಿದ ಮೇಲೆ ಕಾಲಡಿಯೂ ಕಾಯುತ್ತದೆ, ತಲೆಯೂ ಕಾಯುತ್ತದೆ. ಮಳೆ ಬಿದ್ದ ದಿನ ಹತ್ತಲೇಬೇಡಿ. ಹತ್ತುವಾಗ ಅಂಟಿಕೊಂಡ ಹೆಜ್ಜೆ ಇಳಿಯುವಾಗ ಜಾರುತ್ತದೆ. ಸುತ್ತ ಇರುವುದು ಮೀಸಲು ಅರಣ್ಯ, ಚಿರತೆ ಕರಡಿಗಳಿರುವ ಕಾಡು. ಚಾರಣಕ್ಕೆ ಅರಣ್ಯ ಇಲಾಖೆಯ ನಿಯಮಗಳಿವೆ, ಟಿಕೆಟ್ ಮತ್ತು ಸಮಯವನ್ನು ಮನೆಯಲ್ಲೇ ನೋಡಿಕೊಂಡು ಹೊರಡಿ.

ಬಂಡೆ ಯಾಕೆ ಇಷ್ಟು ನುಣುಪು? ಇದು ಸುಮಾರು 250 ಕೋಟಿ ವರ್ಷ ಹಿಂದೆ ನೆಲದಾಳದಲ್ಲಿ ಹೆಪ್ಪುಗಟ್ಟಿದ ಕಲ್ಲು. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ಕ್ಲೋಸ್‌ಪೇಟೆ ಅಂದರೆ ರಾಮನಗರದ ಹಳೇ ಹೆಸರು. ಮೇಲಿದ್ದ ಮಣ್ಣು ಕಲ್ಲುಗಳೆಲ್ಲ ಸವೆದು ಹೋದಂತೆ ಒತ್ತಡ ಇಳಿದು, ಮೈಗೆ ಸಮನಾಗಿ ಬಿರುಕು ಬಿಟ್ಟು, ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಕಳಚಿಕೊಂಡಿತು. ಹತ್ತುವಾಗ ಅಂಥ ಸಡಿಲ ಪದರಗಳು ಅಲ್ಲಲ್ಲಿ ಕಾಣುತ್ತವೆ, ಅವುಗಳ ಅಂಚಿಗೆ ಕಾಲಿಡಬೇಡಿ.

ಬೆಟ್ಟ ಒಂದೇ ಆದರೂ ನೆತ್ತಿ ಎರಡು: ಕರಿಗುಡ್ಡ, ಬಿಳಿಗುಡ್ಡ. ನಡುವೆ ಆಳವಾದ ಸೀಳು. ಕೋಟೆ ಕಟ್ಟಿದವರ ಲೆಕ್ಕ ಇರುವುದೇ ಆ ಸೀಳಿನಲ್ಲಿ. ಒಂದು ನೆತ್ತಿ ಶತ್ರುವಿನ ಪಾಲಾದರೂ ಇನ್ನೊಂದರಲ್ಲಿ ನಿಂತು ಕಾದಾಡಬಹುದು. ಬುಡದಲ್ಲಿ ದಟ್ಟ ಕಾಡು, ಇಳಿಜಾರಿನಲ್ಲಿ ಒಂದರ ಮೇಲೊಂದು ಗೋಡೆ. 1791ರ ಡಿಸೆಂಬರ್‌ನಲ್ಲಿ ಟಿಪ್ಪುವಿನ ಕೈಲಿದ್ದ ಈ ಕೋಟೆಗೆ ಬ್ರಿಟಿಷರ ಕಾರ್ನ್‌ವಾಲಿಸ್ ಸೇನೆ ಕಾಡು ಕಡಿದು ತೋಪು ಎಳೆದು ತಂದಿತು. ಕೆಲವೇ ದಿನದಲ್ಲಿ ಗೋಡೆ ಒಡೆಯಿತು. 21ರಂದು ನುಗ್ಗಿದಾಗ ಒಂದು ನೆತ್ತಿಯವರು ಇನ್ನೊಂದರ ಕಡೆ ಓಡಿದರು, ಬೆನ್ನಟ್ಟಿದವರೂ ಅವರ ಜೊತೆಜೊತೆಗೇ ಬಾಗಿಲು ದಾಟಿ ಒಳಹೊಕ್ಕರು. ಗೋಡೆಗಳ ಹತ್ತಿರ ಐದು ನಿಮಿಷ ನಿಂತು, ಎಲ್ಲಿಂದ ಗುಂಡು ಬಂದೀತು, ಎಲ್ಲಿಗೆ ಓಡಬಹುದಿತ್ತು ಅಂತ ನೋಡಿ. ಮಕ್ಕಳಿದ್ದರಂತೂ ಇದಕ್ಕಿಂತ ಒಳ್ಳೆಯ ಚರಿತ್ರೆಯ ಪಾಠ ಸಿಗುವುದಿಲ್ಲ.

ನೆತ್ತಿಯ ನಂದಿಮಂಟಪಕ್ಕೆ ಹೋಗಿ ಇಳಿದು ಬಂದರೆ ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿ, ಪಕ್ಕದಲ್ಲೇ ಲಕ್ಷ್ಮೀನರಸಿಂಹ. ಕೈಮುಗಿದು ಮಾಗಡಿ ಕಡೆ ಹೊರಡಿ.

ಮಾಗಡಿಯಲ್ಲಿ ಮೂರು ಜಾಗ ಸಾಕು. ಕೋಟೆ, ಸೋಮೇಶ್ವರ ದೇವಸ್ಥಾನ, ತಿರುಮಲೆಯ ರಂಗನಾಥ. ಸೋಮೇಶ್ವರ ಕೆಂಪೇಗೌಡರ ಮನೆತನದ್ದು. ಇದರ ಕಲ್ಲಿನ ಮಂಟಪದಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ, ಜನಸಂದಣಿ ಕಡಿಮೆ. ರಂಗನಾಥನ ಗುಡಿಯಲ್ಲಿ ಚೈತ್ರದ ತೇರಿನ ಹೊತ್ತಿಗೆ ದೊಡ್ಡ ಜಾತ್ರೆ. ಸಮಯ ಉಳಿದರೆ ಕುದೂರು–ಹುಲಿಕಲ್ ರಸ್ತೆಗೆ ಹೋಗಿ, ಸಾಲುಮರದ ತಿಮ್ಮಕ್ಕ ನೆಟ್ಟು ಬೆಳೆಸಿದ ಆಲದ ಸಾಲಿನ ಕೆಳಗೆ ನಡೆಯಿರಿ.

ಊಟದ ವಿಷಯಕ್ಕೆ ಬಂದರೆ, ಡಿಸೆಂಬರಿನಿಂದ ಫೆಬ್ರವರಿವರೆಗೆ ಬರುವವರು ಪುಣ್ಯವಂತರು. ಅದು ಅವರೆಕಾಯಿ ಕಾಲ. ಮಾಗಡಿ ಅವರೆಗೆ ಬೆಂಗಳೂರಿನ ಮಾರುಕಟ್ಟೆಯಲ್ಲಿ ಹೆಸರಿದೆ. ಚಳಿಗಾಲದ ಇಬ್ಬನಿಯಲ್ಲಿ ಬಲಿತ ಕಾಯಿ ಮುಟ್ಟಿದರೆ ಬೆರಳಿಗೆ ಎಣ್ಣೆಯಂತೆ ಅಂಟುತ್ತದೆ, ವಾಸನೆ ಕೈ ತೊಳೆದರೂ ಹೋಗುವುದಿಲ್ಲ. ಅದೇ ಸೊಗಡು. ಕೊಳ್ಳುವಾಗ ಕಾಯಿಯನ್ನು ಮೂಗಿಗೆ ಹಿಡಿದು ನೋಡಿ. ಘಮ ಇಲ್ಲದಿದ್ದರೆ ಮುಂದಿನ ರಾಶಿಗೆ ಹೋಗಿ. ಕಾಳನ್ನು ನೀರಲ್ಲಿ ನೆನೆಹಾಕಿ, ಒಂದೊಂದನ್ನೇ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಟಿಯುತ್ತದೆ. ಅದರ ಸಾರು, ಜೊತೆಗೆ ಬಿಸಿ ಮುದ್ದೆ. ಹೊಸಬರಿಗೆ ಒಂದು ಮಾತು: ಮುದ್ದೆಯನ್ನು ಅಗಿಯಬಾರದು. ಬೆರಳ ತುದಿಯಲ್ಲಿ ಚೂರು ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು. ಅವರೆ ಇಲ್ಲದ ಕಾಲದಲ್ಲಿ ಬಸ್ಸಾರು ಕೇಳಿ. ಸೊಪ್ಪು ಕಾಳು ಬೇಯಿಸಿ ಬಸಿದ ನೀರಿಗೆ ಖಾರ ಕೂಡಿದರೆ ಸಾರು, ಉಳಿದದ್ದಕ್ಕೆ ಒಗ್ಗರಣೆ ಹಾಕಿದರೆ ಪಲ್ಯ. ಮಾಂಸ ತಿನ್ನುವವರಿಗೆ ಮಿಲಿಟರಿ ಹೋಟೆಲಿನ ನಾಟಿಕೋಳಿ ಸಾರು ಇದ್ದೇ ಇದೆ. ಮಧ್ಯಾಹ್ನ ಎರಡು ದಾಟಿದರೆ ಮುದ್ದೆ ಮುಗಿದಿರುತ್ತದೆ, ಹೊತ್ತಿಗೆ ಸರಿಯಾಗಿ ಹೋಗಿ.

ಸ್ವಂತ ಗಾಡಿ ಇದ್ದರೆ ವಾಪಸ್ಸು ಮಂಚನಬೆಲೆ ದಾರಿಯಾಗಿ ಬಿಡದಿಗೆ ಇಳಿಯಬಹುದು. ಅರ್ಕಾವತಿಯ ಜಲಾಶಯವನ್ನು ದಂಡೆಯಿಂದ ನೋಡಿ, ನೀರಿಗೆ ಇಳಿಯಬೇಡಿ. ಈಜಲು ಹೋಗಿ ಜೀವ ಕಳೆದುಕೊಂಡವರು ಬಹಳ. ಬಿಡದಿಯಲ್ಲಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ತಿಂದು ಮೈಸೂರು ರಸ್ತೆ ಹಿಡಿಯಿರಿ. ಬಸ್ಸಿನಲ್ಲಿ ಬರುವವರಿಗೆ ಮೆಜೆಸ್ಟಿಕ್‌ನಿಂದ ಮಾಗಡಿಗೆ ಬಸ್ಸು ಸಲೀಸು, ಅಲ್ಲಿಂದ ಬೆಟ್ಟದ ಬುಡಕ್ಕೆ ಕಡಿಮೆ. ಆಟೊದವರ ಹತ್ತಿರ ಹೋಗಿ ಬರುವುದಕ್ಕೆ ಸೇರಿಸಿಯೇ ಬಾಡಿಗೆ ಮಾತಾಡಿಕೊಳ್ಳಿ, ಇಳಿದು ಬರುವ ಹೊತ್ತನ್ನೂ ಹೇಳಿಡಿ.