ತೊಗರಿಯ ಜೀನೋಮ್ ಮತ್ತು ಸ್ವಂತ ಕಲಿಕೆ: ನಂಬಿಕೆ ಯಾವುದು, ನಿಜ ಯಾವುದು

ಡಿಎನ್‌ಎ, ಆರ್‌ಎನ್‌ಎ, ಪ್ರೋಟೀನುಗಳ ಅನುಕ್ರಮಗಳನ್ನು ಕೂಡಿಟ್ಟ ಆನ್‌ಲೈನ್ ಡೇಟಾಬೇಸುಗಳು ದೊಡ್ಡ ಸಂಶೋಧನಾಲಯಗಳ ಸ್ವತ್ತು, ಸೇಡಂ, ಚಿಂಚೋಳಿಯ ಪದವಿ ವಿದ್ಯಾರ್ಥಿಗೆ ಎಟುಕುವಂಥವಲ್ಲ ಎಂಬ ನಂಬಿಕೆ ಬಲವಾಗಿದೆ. ಅದು ಸರಿಯಲ್ಲ. 1982ರಲ್ಲಿ ಆರಂಭವಾದ ಅಮೆರಿಕದ ಜೆನ್‌ಬ್ಯಾಂಕ್, ಯುರೋಪಿನ ಇಎನ್‌ಎ, ಜಪಾನಿನ ಡಿಡಿಬಿಜೆ ಮೂರೂ ತಮ್ಮ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುತ್ತವೆ. ಅವುಗಳಲ್ಲಿ ಹುಡುಕಲು ಶುಲ್ಕವೂ ಇಲ್ಲ, ಸಂಸ್ಥೆಯ ಶಿಫಾರಸೂ ಬೇಕಿಲ್ಲ. ಸೇಡಂ, ಚಿತ್ತಾಪುರದ ಹೊಲಗಳ ತೊಗರಿಯೂ ಅಲ್ಲಿದೆ. ‘ಆಶಾ’ ತಳಿಯ ಜೀನೋಮ್ ಕರಡು 2011ರಲ್ಲೇ ಪ್ರಕಟವಾಯಿತು. ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ನೇತೃತ್ವದ ತಂಡ ಅದರಲ್ಲಿ 48,680 ಜೀನುಗಳನ್ನು ಅಂದಾಜಿಸಿತು. ‘ಕಜಾನಸ್ ಕಜನ್’ ಎಂಬ ವೈಜ್ಞಾನಿಕ ಹೆಸರು ಗೊತ್ತಿದ್ದರೆ ಹುಡುಕಾಟ ಶುರುವಾಗುತ್ತದೆ.

ದುಬಾರಿ ಕಂಪ್ಯೂಟರ್ ಬೇಕೆಂಬುದೂ ತಪ್ಪು. 1990ರಲ್ಲಿ ಬಂದ ಬ್ಲಾಸ್ಟ್ ಅನುಕ್ರಮಗಳನ್ನು ಹೋಲಿಸುವ ಸಾಧನ. ವೆಬ್ ಮೂಲಕ ಬಳಸಿದಾಗ ಅದರ ಲೆಕ್ಕಾಚಾರವೆಲ್ಲ ದೂರದ ಸರ್ವರಿನಲ್ಲಿ ನಡೆಯುತ್ತದೆ. ವಾಡಿಯಲ್ಲೋ ಶಹಾಬಾದಿನಲ್ಲೋ ಹಳೆಯ ಲ್ಯಾಪ್‌ಟಾಪಿನಲ್ಲಿ ಕಳಿಸಿದ ಪ್ರಶ್ನೆಗೂ ಅದೇ ಉತ್ತರ ಬರುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು, ಬ್ಲಾಸ್ಟ್ ಕೊಡುವ ಹೊಂದಿಕೆಗಳ ಪಟ್ಟಿಯ ಮೊದಲ ಹೆಸರೇ ಉತ್ತರ ಎಂಬ ಭಾವನೆ. ತೊಗರಿಯನ್ನು ಒಣಗಿಸುವ ನೆಟೆ ರೋಗವನ್ನೇ ನೋಡಬಹುದು. ಅದಕ್ಕೆ ಕಾರಣ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ. ಶಿಲೀಂಧ್ರಗಳನ್ನು ಗುರುತಿಸಲು ಸಾಮಾನ್ಯವಾಗಿ ಬಳಸುವ ಐಟಿಎಸ್ ಎಂಬ ಡಿಎನ್‌ಎ ಭಾಗ ಫ್ಯುಸೇರಿಯಂನ ಹಲವು ಪ್ರಭೇದಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹಾಗಾಗಿ ನೂರಕ್ಕೆ ನೂರು ಹೊಂದಿಕೆ ಬಂದರೂ ಪ್ರಭೇದ ಖಚಿತವಾಗುವುದಿಲ್ಲ. ಟೆಫ್-1 ಜೀನನ್ನೂ ಹೋಲಿಸಬೇಕು. ಫಲಿತಾಂಶದ ಜೊತೆ ಬರುವ ಇ-ಮೌಲ್ಯವನ್ನು ‘ತಪ್ಪಾಗುವ ಸಂಭವ’ ಎಂದು ಓದುವುದೂ ಸರಿಯಲ್ಲ. ಅಷ್ಟು ದೊಡ್ಡ ಡೇಟಾಬೇಸಿನಲ್ಲಿ ಅಂಥ ಹೊಂದಿಕೆಗಳು ಬರೀ ಆಕಸ್ಮಿಕವಾಗಿ ಎಷ್ಟು ಸಿಗಬಹುದೆಂಬ ಅಂದಾಜು ಅದು. ಡೇಟಾಬೇಸ್ ಬೆಳೆದರೆ ಆ ಸಂಖ್ಯೆಯೂ ಬದಲಾಗುತ್ತದೆ.

ಜೆನ್‌ಬ್ಯಾಂಕಿನಲ್ಲಿರುವುದೆಲ್ಲ ಪರಿಶೀಲಿತ ಸತ್ಯ ಎಂಬ ನಂಬಿಕೆಯೂ ಇದಕ್ಕೆ ಹೊಂದಿಕೊಂಡಿದೆ. ಅಲ್ಲಿನ ದಾಖಲೆಗಳನ್ನು ಸಲ್ಲಿಸುವವರು ಸಂಶೋಧಕರೇ. ಜೀವಿಯ ಹೆಸರನ್ನು ಅವರು ತಪ್ಪಾಗಿ ಕೊಟ್ಟಿದ್ದರೆ ತಪ್ಪು ಹಾಗೆಯೇ ಉಳಿಯಬಹುದು. ಆರಿಸಿ, ಒಪ್ಪ ಮಾಡಿದ ಅನುಕ್ರಮಗಳಿಗೆ ರೆಫ್‌ಸೀಕ್ ಬೇರೆಯೇ ಇದೆ. ಪ್ರೋಟೀನುಗಳ ಡೇಟಾಬೇಸ್ ಆದ ಯುನಿಪ್ರಾಟ್‌ನಲ್ಲಿ ತಜ್ಞರು ಓದಿ ಟಿಪ್ಪಣಿ ಬರೆದ ಸ್ವಿಸ್-ಪ್ರಾಟ್ ಒಂದು ಭಾಗ, ಯಂತ್ರವೇ ಟಿಪ್ಪಣಿ ಹಾಕಿದ ಟ್ರೆಂಬಲ್ ಇನ್ನೊಂದು. ಕಲಿಯುವವರು ಈ ವ್ಯತ್ಯಾಸವನ್ನು ಮೊದಲ ವಾರದಲ್ಲೇ ತಿಳಿಯುವುದು ಒಳ್ಳೆಯದು. ಎಷ್ಟೋ ಪಾಠಗಳು ಇದನ್ನು ಕೊನೆಗೆ ತಳ್ಳುತ್ತವೆ.

ವಿಡಿಯೊ ಪಾಠ ನೋಡಿ ಮುಗಿಸಿದರೆ ಕಲಿತಂತೆಯೂ ಅಲ್ಲ. ಡೇಟಾಬೇಸುಗಳ ವೆಬ್ ಪುಟಗಳ ವಿನ್ಯಾಸ ಬದಲಾದಾಗ ಹಳೆಯ ಪಾಠದ ಗುಂಡಿಗಳು ಸಿಗುವುದೇ ಇಲ್ಲ. ದಾಖಲೆಯ ಸಂಖ್ಯೆ, ಆವೃತ್ತಿ, ಮೂಲ ಲೇಖನ ಓದಲು ಬಂದವರು ಮಾತ್ರ ಮುಂದೆ ಸಾಗುತ್ತಾರೆ. ಯುರೋಪಿನ ಇಎಂಬಿಎಲ್-ಇಬಿಐ ಸಂಸ್ಥೆಯ ಉಚಿತ ಪಾಠಗಳು ಈ ಓದಿಗೆ ನೆರವಾಗುತ್ತವೆ. ಪ್ರೋಗ್ರಾಮಿಂಗ್ ಬಾರದವರೂ ಇಷ್ಟನ್ನು ಕಲಿಯಬಹುದು. ಸಾವಿರಾರು ಅನುಕ್ರಮಗಳನ್ನು ಒಟ್ಟಿಗೆ ಹೋಲಿಸುವ ಹಂತಕ್ಕೆ ಬಂದಾಗ ಪೈಥಾನ್‌ನಂಥ ಪ್ರೋಗ್ರಾಮಿಂಗ್ ಭಾಷೆ ಬೇಕಾಗುತ್ತದೆ.